ಕಳ್ಳನಿಗೆ ಬಹುವಚನ

ತಿಮ್ಮರಾಯಪ್ಪನವರು ಪೊಲೀಸರಿಗೆ ಪಾಠ ಹೇಳುತ್ತಾರೆಂಬುದು ಇಟ್ಟಮಡುವಿನ ಆ ಬೀದಿಗೆಲ್ಲ ಗೊತ್ತಿತ್ತು. ಡಂಗುರ ಸಾರಿದವರು ಅವರ ಹೆಂಡತಿ ಲಕ್ಷ್ಮಿದೇವಮ್ಮ. "ನಮ್ಮನೆಯವ್ರು ಟ್ರೈನಿಂಗ್ ಸ್ಕೂಲಲ್ಲಿ ಮೇಷ್ಟ್ರು ಕಣ್ರೀ. ಇವ್ರ ಕೈಯಲ್ಲಿ ಕಲಿತವ್ರು ಎಷ್ಟೋ ಸ್ಟೇಷನ್‌ಗಳಲ್ಲಿ ಅವ್ರೆ" ಎನ್ನುವಾಗ ಆಕೆಯ ಕುತ್ತಿಗೆ ಎರಡಂಗುಲ ಉದ್ದವಾಗುತ್ತಿತ್ತು.

ಪೂರ್ತಿ ಸುಳ್ಳೇನಲ್ಲ. ಹೊಲವೆಲ್ಲ ಸೈಟುಗಳಾದ ಮೇಲೆ ತಿಮ್ಮರಾಯಪ್ಪನವರು ಪೊಲೀಸ್ ತರಬೇತಿ ಶಾಲೆಯಲ್ಲಿ ತೋಟದ ಕೆಲಸಕ್ಕೆ ಸೇರಿದ್ದರು. ಆರೋಪಿಯನ್ನು ಹಿಡಿಯುವ ಅಭ್ಯಾಸಕ್ಕೆ ಅಲ್ಲೊಬ್ಬ ಕಳ್ಳ ಬೇಕಾಗಿದ್ದ. ತರಬೇತಿಯ ಹುಡುಗರೇ ಕಳ್ಳರಾದರೆ ಯಾರಿಗೂ ನಗು ತಡೆಯಲಾಗುತ್ತಿರಲಿಲ್ಲ. ತರಬೇತಿ ಕೊಡುವ ಸಾಹೇಬರು, ಗಿಡಕ್ಕೆ ನೀರು ಹಾಕುತ್ತಿದ್ದ ಇವರನ್ನು ಕರೆದರು. ಆರು ವರ್ಷದಿಂದ ಪ್ರತಿ ತಂಡಕ್ಕೂ ಇವರೇ ಕಳ್ಳ. ಓಡಬೇಕು, ಸಿಕ್ಕಿಬೀಳಬೇಕು, ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈ ತಲೆಯ ಮೇಲಿಡಬೇಕು. ಅಲ್ಲಿ ಇವರಿಗೆ ಹೆಸರೂ ಇಲ್ಲ, ಬರೀ 'ಲೇ ಕಳ್ಳ'. ಅಲ್ಲಿಯವರು ಏನೆಂದೇ ಕರೆಯಲಿ, ನಾವು ಬಹುವಚನ ಬಿಡುವುದು ಬೇಡ.

ಇದನ್ನು ಹೆಂಡತಿಗೆ ಹೇಗೆ ಹೇಳುವುದು? "ಪಾಠ ಹೇಳ್ಕೊಡ್ತೀನಿ" ಅಂದಿದ್ದರು ಒಂದು ದಿನ. ಅದು ಹಾಗೇ ನಿಂತುಬಿಟ್ಟಿತು. ಆಕೆಯ ಕಣ್ಣಲ್ಲಿ ಮೇಷ್ಟರಾಗಿರುವುದೊಂದೇ ಅವರಿಗೆ ಉಳಿದಿದ್ದ ಆಸ್ತಿ.

ಎರಡು ವರ್ಷದ ಹಿಂದಿನ ತಂಡದಲ್ಲಿ ರೇವಂತ್ ಎಂಬ ಹುಡುಗನಿದ್ದ. ಮೊದಲ ದಿನ ಇವರ ತೋಳು ಹಿಡಿದು "ಅಂಕಲ್, ಸ್ವಲ್ಪ ಕೂತ್ಕೊಳ್ತೀರಾ?" ಅಂದ. ಮೈದಾನವೆಲ್ಲ ನಕ್ಕಿತು. "ಕಳ್ಳನಿಗೆ ಬಹುವಚನನಾ? ಕಾಫೀನೂ ತರಿಸ್ಲಾ?" ಎಂದು ಸಾಹೇಬರು ಅವನನ್ನು ಬಿಸಿಲಲ್ಲಿ ಹತ್ತು ಸುತ್ತು ಓಡಿಸಿದರು. ಮರುದಿನವೂ ಅದೇ. ಹೊಂಗೆ ಮರದ ಹಿಂದೆ ಹುಡುಗ ಕಣ್ಣೊರೆಸಿಕೊಳ್ಳುವುದನ್ನು ನೋಡಿ ತಿಮ್ಮರಾಯಪ್ಪನವರು ಹತ್ತಿರ ಹೋದರು.

"ಸಾರ್, ನಂಗೇನೂ ಬೇಜಾರಿಲ್ಲ. ನನ್ ಮುಖ ನೋಡ್ಬೇಡಿ. ಕಾಲರ್ ಹಿಡೀರಿ, ಲೇ ಅನ್ನಿ. ಒಂದ್ಸಲ ಬಾಯಿಗೆ ಬಂದ್ರೆ ಆಮೇಲೆ ತಾನಾಗೇ ಬರುತ್ತೆ."

ಇಬ್ಬರೇ ಮೂರು ಸಂಜೆ ಅಭ್ಯಾಸ ಮಾಡಿದರು. ಆಮೇಲೆ ತರಗತಿಯಲ್ಲಿ ರೇವಂತ್ ಹಿಡಿದ ರಭಸಕ್ಕೆ ಅಂಗಿಯ ಗುಂಡಿ ಕಿತ್ತು ಬಂತು. ಸಾಹೇಬರು ಚಪ್ಪಾಳೆ ತಟ್ಟಿದರು. ತಿಮ್ಮರಾಯಪ್ಪನವರಿಗೂ ಹೆಮ್ಮೆಯಾಯಿತು. ಹಾಳು ಹೆಮ್ಮೆ!

ಈ ಸಲದ ಗೌರಿ ಹಬ್ಬಕ್ಕೆ ಗಂಡಹೆಂಡತಿ ಬಾಗಿನದ ಸಾಮಾನು ತರಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋದರು. ಕಾಲಿಡಲು ಜಾಗವಿಲ್ಲ. ಹೂವಿನ ಸಾಲಿನಲ್ಲಿ ಯಾರೋ ಹೆಂಗಸು "ಅಯ್ಯೋ, ನನ್ ಪರ್ಸು!" ಎಂದು ಕೂಗಿಕೊಂಡಳು. ಬಂದೋಬಸ್ತಿಗೆ ನಿಂತಿದ್ದ ಪೇದೆ ಜನರನ್ನು ಸರಿಸುತ್ತ ಓಡಿಬಂದ. ನೋಡಿದರೆ ರೇವಂತ್!

"ನೋಡೇ, ನಮ್ ಹುಡುಗ. ನಾನೇ ಕಲಿಸಿದ್ದು" ಎಂದು ಹೆಂಡತಿಗೆ ತೋರಿಸಿ, ತಿಮ್ಮರಾಯಪ್ಪನವರು ಜನರ ನಡುವೆ ನುಸುಳಿಕೊಂಡು ಅವಸರದಲ್ಲಿ ಅವನತ್ತ ನಡೆದರು.

ಅವನ ಕಣ್ಣಿಗೆ ಬಿದ್ದದ್ದು ಗುರುತಿನ ಮುಖ. ಯಾರು, ಎಲ್ಲಿಯವರು ಎಂಬುದು ಹೊಳೆಯದೆ, ಹಿಂದೆ ಹಿಡಿದಿದ್ದೇನೆ ಅನ್ನುವುದಷ್ಟೇ ಹೊಳೆದಿರಬೇಕು. ಕೈ ಕಾಲರಿಗೆ ಬಂತು.

"ಲೇ, ಎಲ್ಲಿಗೋ ನುಗ್ತಿದೀಯ? ಕೂತ್ಕೊಳೋ!"

'ನಾನು ತಿಮ್ಮರಾಯಪ್ಪ' ಅನ್ನಬೇಕಿತ್ತು. ಅಷ್ಟರಲ್ಲೇ ಮಂಡಿ ಮಡಚಿತು, ಕೈಗಳು ತಲೆಗೇರಿದವು, ಆರು ವರ್ಷ ಒಪ್ಪಿಸಿದ್ದ ಮಾತು ಹೊರಬಿತ್ತು. "ತಪ್ಪಾಯ್ತು ಸಾರ್, ಹೊಟ್ಟೆಪಾಡಿಗೆ ಮಾಡ್ದೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಎಂದರು ಯಾರೋ. ಸುತ್ತಲೂ ಫೋನುಗಳು ಮೇಲೆದ್ದವು. ಲಕ್ಷ್ಮಿದೇವಮ್ಮ ಮೊರ, ಬಳೆ ಎಲ್ಲ ಅಲ್ಲೇ ಬಿಟ್ಟು ನುಗ್ಗಿಬಂದರು. "ಬಿಡಪ್ಪಾ, ನಿಮ್ ಮೇಷ್ಟ್ರು ಕಣಪ್ಪಾ ಅವ್ರು!"

ಅಷ್ಟರಲ್ಲಿ ಪರ್ಸು ಹೂವಿನ ಬುಟ್ಟಿಗಳ ಸಂದಿಯಲ್ಲಿ ಸಿಕ್ಕಿತು. ಆಗ ರೇವಂತ್ ಬಗ್ಗಿ ಮುಖ ನೋಡಿ ನಕ್ಕ. "ಅರೆ, ನೀನಾ! ಮೇಷ್ಟ್ರಲ್ಲ ಅಮ್ಮ, ಇವನು ನಮ್ ಟ್ರೈನಿಂಗ್ ಸ್ಕೂಲ್ ಕಳ್ಳ. ಎದ್ದು ಹೋಗೋ, ಹೋಗು."

ಅಂಕಲ್ ಎಂದಿದ್ದ ಬಾಯಿ ಅದು. ಆ ಬಾಯಿಯಿಂದ ಅದನ್ನು ಕಿತ್ತವರು ಸಾಹೇಬರೊಬ್ಬರೇ ಅಲ್ಲ, ತಾನೂ ಹೌದು ಎಂಬುದು ನೆನಪಾಗಿ ತಿಮ್ಮರಾಯಪ್ಪನವರಿಗೆ ಸಿಟ್ಟು ಮಾಡಲೂ ಆಗಲಿಲ್ಲ.

ಬಸ್ಸಿನಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿಕೊಂಡರು. ಆರು ವರ್ಷದ ಸುಳ್ಳಿಗೆ ಈಗ ಬೈಯುತ್ತಾಳೆ, ಬೈದರೆ ಸಾಕು ಎಂದು ಕಾದರು. ಲಕ್ಷ್ಮಿದೇವಮ್ಮ ಕೈ ಚಾಚಿ ಅವರ ಅಂಗಿಯ ಕಾಲರನ್ನು ಸರಿಮಾಡಿದರು.

"ಕಳ್ಳ ಅಂದ, ಅಂದ್ಕೊಳ್ಲಿ ಬಿಡಿ. ನೀವು ಮೇಷ್ಟ್ರಲ್ದಿದ್ರೂ ನಂಗೇನಿಲ್ಲ" ಎಂದರು. "ಆದ್ರೆ ಅವ್ನು ಕೂತ್ಕೋ ಅಂದ ತಕ್ಷಣ ಕೂತ್ಬಿಟ್ರಲ್ರೀ. ನಾನಲ್ಲ ಅಂತ ಒಂದ್ಸಲನಾದ್ರೂ ಅನ್ಬಾರ್ದಿತ್ತಾ?"

ಆರು ವರ್ಷದಲ್ಲಿ ಒಂದು ದಿನವೂ ಕಳ್ಳನ ಪಾತ್ರಕ್ಕೆ 'ನಾನಲ್ಲ' ಎಂಬ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಿಮ್ಮರಾಯಪ್ಪನವರೂ ಕೇಳಿರಲಿಲ್ಲ.