ಕತ್ತಿನ ನರ

“ಕೈ ಅಲ್ಲಾಡಿಸ್ಬೇಡಿ ಅಮ್ಮಾ, ಹಾಗೇ ಇರ್ಲಿ,” ಎನ್ನುತ್ತ ನರ್ಸ್ ಅಕ್ಕನ ನಡುಬೆರಳಿಗೆ ಸಣ್ಣ ಪಟ್ಟಿಯೊಂದನ್ನು ಸುತ್ತಿದಳು. ಒಂದೊಂದು ಎದೆಬಡಿತಕ್ಕೂ ರಕ್ತದ ಒತ್ತಡ ಎಷ್ಟೆಂದು ಹೇಳುವ ಪಟ್ಟಿ ಅದು. ಅಕ್ಕ ಕಿರಿದಾದ ಮೇಜಿನ ಮೇಲೆ ಅಂಗಾತ ಮಲಗಿದ್ದಳು. ಎದೆಗೊಂದು, ಮಂಡಿಗೊಂದು ಅಗಲವಾದ ಬೆಲ್ಟು ಬಿಗಿದಿದ್ದರು.

“ಇದೇನಮ್ಮ, ಒಳ್ಳೆ ಪಾರ್ಸಲ್ ಕಟ್ಟಿದ ಹಾಗೆ ಕಟ್ತಿದ್ದೀರಲ್ಲ! ಯಾವ ಊರಿಗೆ ಕಳಿಸ್ತೀರಿ?”

ನರ್ಸ್ ಕಿಸಕ್ಕನೆ ನಕ್ಕಳು. ಒತ್ತಡದ ಗೆರೆ ಮೂಡುತ್ತಿದ್ದ ಪರದೆಯ ಮುಂದೆ ಕೂತಿದ್ದ ತಂಗಿ ತಲೆ ಎತ್ತದೆ, “ಮಾತಾಡ್ಬೇಡ ಅಕ್ಕ, ಗೆರೆ ಕೆಡುತ್ತೆ,” ಎಂದಳು.

ಈ ಹೊತ್ತಿಗೆ ಇಲ್ಲಿ ಮಲಗಬೇಕಾಗಿದ್ದವರು ಬೇರೆ ಯಾರೋ. ತಂಗಿಯ ಸಂಶೋಧನೆಗೆ ಬೇಕಾಗಿದ್ದ, ಐವತ್ತು ದಾಟಿದ, ಆರೋಗ್ಯವಾಗಿರುವ ಹೆಂಗಸೊಬ್ಬರು ಒಪ್ಪಿಕೊಂಡು ಹಿಂದಿನ ದಿನ ಕೈಕೊಟ್ಟಿದ್ದರು. ತಂಗಿ ಫೋನಿನಲ್ಲಿ ಗೊಣಗಿಕೊಂಡಾಗ ಅಕ್ಕನೇ, “ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀಯ? ನಾನು ಬರ್ತೀನಿ ಬಿಡು. ಮಲಗೋದು ತಾನೇ ಕೆಲಸ?” ಎಂದಿದ್ದಳು. ತಂಗಿ ಫೋನಿನಲ್ಲೇ ಪ್ರಶ್ನೆಗಳನ್ನು ಕೇಳಿ ಫಾರಂ ತುಂಬಿದ್ದಳು. ಸಕ್ಕರೆ ಕಾಯಿಲೆ ಇಲ್ಲ, ಹೃದಯದ ತೊಂದರೆ ಇಲ್ಲ. ಹಿಂದೆ ದೊಡ್ಡ ಕಾಯಿಲೆ ಏನಾದರೂ? ಆ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ. ಇಲ್ಲ ಎಂದು ತಾನೇ ಗುರುತು ಹಾಕಿದಳು. ಎಂಟು ವರ್ಷಗಳ ಹಿಂದೆ ಅಕ್ಕನ ಗಂಟಲಲ್ಲಿ ಗಡ್ಡೆಯಾಗಿ, ಏಳು ವಾರ ಕತ್ತಿಗೆ ವಿಕಿರಣ ಕೊಟ್ಟು, ವಾಸಿಯಾಗಿ ಮನೆಗೆ ಬಂದ ದಿನದಿಂದ ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದೆ ಎತ್ತದೆ ಅದು ನಡೆದೇ ಇಲ್ಲವೇನೋ ಎಂಬಂತಾಗಿತ್ತು.

ಕತ್ತಿನ ಇಕ್ಕೆಲದಲ್ಲಿ, ದವಡೆಯ ಕೆಳಗೆ ನಾಡಿ ಸಿಗುವ ಜಾಗದಲ್ಲಿ, ರಕ್ತನಾಳ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಅಲ್ಲಿಂದ ಹೊರಡುವ ನರವೊಂದು ಒತ್ತಡ ಏರಿತು, ಇಳಿಯಿತು ಎಂದು ಮಿದುಳಿಗೆ ಕ್ಷಣಕ್ಷಣಕ್ಕೂ ಸುದ್ದಿ ಮುಟ್ಟಿಸುತ್ತದೆ. ನಾವು ಎದ್ದು ನಿಂತಾಗ ಬೀಳದೆ ಇರುವುದು ಅದರ ದೆಸೆಯಿಂದ. ಆ ಸುದ್ದಿ ಎಲ್ಲಿ ಹೋಗುತ್ತದೆ, ಯಾವ ಕೋಶ ಅದನ್ನು ಕೇಳಿಸಿಕೊಳ್ಳುತ್ತದೆ ಎಂಬುದರ ನಕ್ಷೆ ಬರೆಯುವುದೇ ತಂಗಿಯ ಹನ್ನೊಂದು ವರ್ಷದ ದುಡಿಮೆ. ಅದಕ್ಕಾಗಿ ಅವಳು ಇಲಿಗಳ ಕತ್ತಿನಲ್ಲಿ ಆ ನರವನ್ನು ಕತ್ತರಿಸುತ್ತಿದ್ದಳು. ಕೂದಲಿನಷ್ಟು ಸಣ್ಣ ನರ. ಅವಳ ಕೈ ಒಮ್ಮೆಯೂ ನಡುಗಿದ್ದಿಲ್ಲ.

ಮೂರು ವರ್ಷಗಳಿಂದ ಅಕ್ಕ ಬೀಳುತ್ತಿದ್ದಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ ಅವಳದು. ಮೆಷಿನ್ ಬಿಟ್ಟು ಎದ್ದರೆ ಕಣ್ಣು ಕತ್ತಲೆ ಕವಿದು ಬಟ್ಟೆಯ ರಾಶಿಯ ಮೇಲೇ ಕುಸಿಯುವಳು. ಇನ್ನೊಂದು ದಿನ ಗಿರಾಕಿ ಜೊತೆ ಒಂದು ಮಾತು ಹೆಚ್ಚುಕಡಿಮೆಯಾದರೆ ಮುಖ ಕೆಂಪಗಾಗಿ, ತಲೆ ಸಿಡಿದುಹೋಗುತ್ತಿದೆಯೆಂದು ಗೋಡೆ ಹಿಡಿದು ಕೂರುವಳು. ಒಬ್ಬ ಡಾಕ್ಟರು ಬಿಪಿ ಹೆಚ್ಚು ಎಂದು ಮಾತ್ರೆ ಕೊಟ್ಟರು. ತಿಂದು ಎರಡು ಸಲ ಹೆಚ್ಚಿಗೆ ಬಿದ್ದಳು. ಇನ್ನೊಬ್ಬರು ಕಡಿಮೆ ಎಂದರು. ಮೂರನೆಯವರು ಸರಾಸರಿ ತೆಗೆದು ಎಲ್ಲ ಸರಿಯಾಗಿದೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು. ಬಾವ ಆಮೇಲೆ ಅವಳಿಗೆ ‘ನಾಟಕದ ಕಂಪನಿ’ ಎಂದು ಹೆಸರಿಟ್ಟ. “ನಿಮ್ಮಕ್ಕನ ಇವತ್ತಿನ ಪ್ರದರ್ಶನ ಮುಗೀತು,” ಎಂದು ಅವನು ಫೋನು ಮಾಡಿದರೆ ತಂಗಿಯೂ ನಕ್ಕುಬಿಡುತ್ತಿದ್ದಳು. ಹೋದ ತಿಂಗಳು ಅಕ್ಕನನ್ನು ಎದುರು ಕೂರಿಸಿಕೊಂಡು, “ನಿಂಗೆ ಯೋಚನೆ ಜಾಸ್ತಿ ಅಕ್ಕ. ಮನಸ್ಸು ಗಟ್ಟಿ ಮಾಡ್ಕೋ,” ಎಂದು ಬುದ್ಧಿ ಹೇಳಿಯೂ ಬಂದಿದ್ದಳು.

“ಎತ್ತಲಾ?” ಎಂದಳು ನರ್ಸ್.

ಮೋಟಾರು ಗುಂಯ್ ಎಂದಿತು. ಮೇಜು ಅಕ್ಕನ ಸಮೇತ ನಿಧಾನವಾಗಿ ನಿಂತುಕೊಂಡಿತು. ಗೆರೆ ಇಳಿಯತೊಡಗಿತು. ಎಲ್ಲರಿಗೂ ಮೊದಲು ಒಂದಿಷ್ಟು ಇಳಿಯುತ್ತದೆ, ಎದೆಬಡಿತ ಜೋರಾಗುತ್ತದೆ, ಗೆರೆ ಮತ್ತೆ ಮೇಲೇರುತ್ತದೆ. ತಂಗಿ ಕಾದಳು. ನೂರು, ತೊಂಬತ್ತು, ಎಂಬತ್ತು. ಎದೆಬಡಿತ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಎಪ್ಪತ್ತೆರಡರಲ್ಲೇ ನಿಂತಿತ್ತು. ಅರವತ್ತೆಂಟು. ಅಕ್ಕನ ತುಟಿ ಬಿಳಿಚಿಕೊಂಡಿತು.

“ಇಳಿಸು! ಬೇಗ ಇಳಿಸು!”

ಮೇಜು ಮಲಗಿತು. ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣು ತೆರೆದಳು. ಬಾಗಿ ನಿಂತಿದ್ದ ಇಬ್ಬರನ್ನೂ ನೋಡಿ ಅವಳ ಮುಖ ಸಪ್ಪಗಾಯಿತು. “ಬೇಕು ಅಂತ ಮಾಡ್ಲಿಲ್ಲ ಕಣೆ,” ಎಂದಳು. “ನಿನ್ನ ಕೆಲಸ ಹಾಳು ಮಾಡ್ಬಿಟ್ನಾ? ಇವ್ರ ಮುಂದೆ ನಿನ್ನ ಮರ್ಯಾದೆ...” ಅಷ್ಟು ಹೇಳುವಷ್ಟರಲ್ಲಿ ಗೆರೆ ನೆಟ್ಟಗೆ ಮೇಲೆ ಹತ್ತಿತು. ನೂರೈವತ್ತು, ನೂರತೊಂಬತ್ತು, ಇನ್ನೂರಿಪ್ಪತ್ತು. ಅದನ್ನು ತಡೆಯುವಂಥದ್ದು ಒಳಗೆ ಏನೂ ಇರಲಿಲ್ಲ.

ಈ ಗೆರೆ ತಂಗಿಗೆ ಚೆನ್ನಾಗಿ ಗೊತ್ತಿತ್ತು. ನರ ಕತ್ತರಿಸಿದ ಮಾರನೆಯ ದಿನ ಪ್ರತಿಯೊಂದು ಇಲಿಯೂ ಬರೆಯುತ್ತಿದ್ದ ಗೆರೆ ಅದು. ಪಂಜರದ ಬಾಗಿಲು ಸದ್ದಾದರೆ ಆಕಾಶಕ್ಕೆ, ಸುಮ್ಮನಿದ್ದರೆ ಪಾತಾಳಕ್ಕೆ. ದಿನದ ಕೊನೆಗೆ ಸರಾಸರಿ ತೆಗೆದರೆ ಏನೂ ಆಗಿಲ್ಲವೆನ್ನುವ ಗೆರೆ. ಅಕ್ಕನ ಕತ್ತಿನ ಮೇಲೆ ವಿಕಿರಣ ಬಿದ್ದ ಚರ್ಮ ಇಂದಿಗೂ ತುಸು ಕಪ್ಪಾಗಿ, ಗಟ್ಟಿಯಾಗಿತ್ತು. ಮೂರು ವರ್ಷದಿಂದ ಅದನ್ನು ನೋಡಿಕೊಂಡೇ ತಂಗಿ ಅಕ್ಕನ ಮನೆಯಲ್ಲಿ ಊಟ ಮಾಡಿ ಬಂದಿದ್ದಳು.

ನರ್ಸನ್ನು ಹೊರಗೆ ಕಳಿಸಿ, ಬೆಲ್ಟು ಬಿಚ್ಚಿ, ತಂಗಿ ಸ್ಟೂಲು ಎಳೆದುಕೊಂಡು ಕೂತಳು. ಹೇಗೆ ಶುರು ಮಾಡುವುದೆಂದು ತಿಳಿಯದೆ ಪಾಠ ಹೇಳುವವಳ ಹಾಗೆ ನರದಿಂದಲೇ ಶುರು ಮಾಡಿ, ವಿಕಿರಣ ಅದನ್ನು ಹೇಗೆ ಕೊಂದಿತೆಂಬಲ್ಲಿಗೆ ಬಂದಳು. ಅಕ್ಕ ಅಡ್ಡ ಬಾಯಿ ಹಾಕದೆ ಕೇಳಿದಳು.

“ಹಾಗಾದ್ರೆ ನಾನು ನಾಟಕ ಮಾಡ್ತಿರ್ಲಿಲ್ಲ.”

“ಇಲ್ಲ ಅಕ್ಕ.”

“ನಂಗೇ ಒಂದೊಂದ್ಸಲ ಅನುಮಾನ ಬಂದ್ಬಿಟ್ಟಿತ್ತು, ಗೊತ್ತಾ? ಎಲ್ರೂ ಹೇಳ್ತಾರಲ್ಲ, ಮಾಡ್ತಿದ್ದೀನೇನೋ ಅಂತ.” ಅಕ್ಕ ಜೋರಾಗಿ ಉಸಿರು ಬಿಟ್ಟಳು. ಅವಳ ಮುಖದಲ್ಲಿ ನೆಮ್ಮದಿಯಿದ್ದುದನ್ನು ಕಂಡು ತಂಗಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಇದು ವಾಸಿ ಆಗಲ್ಲ ಅಕ್ಕ. ಒಂದಿಷ್ಟು ಹತೋಟಿಗೆ ತರಬಹುದು, ಅಷ್ಟೇ. ಸತ್ತ ನರ ಮತ್ತೆ ಹುಟ್ಟಲ್ಲ.”

“ನಿನ್ನ ಇಲಿಗಳು ಆಮೇಲೆ ಎಷ್ಟು ದಿನ ಬದುಕ್ತವೆ?”

“ಗೊತ್ತಿಲ್ಲ. ಆರು ವಾರ ಆದ್ಮೇಲೆ... ನಾವು ಇಟ್ಕೊಳ್ಳಲ್ಲ.”

“ಅಯ್ಯೋ ಪಾಪ,” ಎಂದಳು ಅಕ್ಕ. ಇಲಿಗಳಿಗೋ, ತಂಗಿಗೋ ತಿಳಿಯಲಿಲ್ಲ.

“ನಾನೂ ನಕ್ಕಿದ್ದೆ ಅಕ್ಕ. ಬಾವ ಫೋನು ಮಾಡಿದಾಗೆಲ್ಲ.”

“ಗೊತ್ತು. ಫೋನು ಸ್ಪೀಕರಲ್ಲಿ ಇರ್ತಿತ್ತು.”

ತಂಗಿ ಫಾರಂ ತೆಗೆದು ಅಕ್ಕನ ಹೆಸರಿನ ಮುಂದೆ ‘ಆರೋಗ್ಯವಂತರು’ ಎಂದಿದ್ದುದನ್ನು ಹೊಡೆದು ಹಾಕಿದಳು. ಕೆಳಗೆ ಗಂಟಲಿನ ಕ್ಯಾನ್ಸರ್, ಎಂಟು ವರ್ಷ, ವಿಕಿರಣ ಎಂದು ಬರೆದು, ಸಂಗತಿಯನ್ನು ತಾನೇ ವಿಚಾರಿಸದೆ ಬಿಟ್ಟೆ ಎಂದು ಸೇರಿಸಿ ಸಹಿ ಮಾಡಿದಳು. ಅದನ್ನು ನಾಳೆ ವಿಭಾಗದ ಮುಖ್ಯಸ್ಥರ ಮುಂದಿಡಬೇಕು. ಈ ಕಾಯಿಲೆ ಬಲ್ಲ ಡಾಕ್ಟರೊಬ್ಬರಿಗೆ ಫೋನು ಮಾಡಿ ವಾರದೊಳಗೆ ಸಮಯ ಗೊತ್ತುಮಾಡಿದಳು.

ಇಬ್ಬರೂ ಹೊರಬಿದ್ದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಅಕ್ಕನ ಮನೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಅಕ್ಕ ಏಳಲು ಬೆಂಚಿನ ಅಂಚನ್ನು ಹಿಡಿದಳು, ತುಸು ಮುಂದೆ ಬಾಗಿದಳು, ಎದ್ದರೆ ಬಿದ್ದೇನೆಂದು ಹಾಗೇ ಕೂತುಬಿಟ್ಟಳು. ತಂಗಿ ಅವಳ ಮೊಣಕೈ ಹಿಡಿದುಕೊಂಡಳು, ಎಬ್ಬಿಸಲಿಲ್ಲ. ಕಂಡಕ್ಟರ್ ಇವರನ್ನೇ ನೋಡಿ, ಒಂದು ಗಳಿಗೆ ಕಾದು, ಶಿಳ್ಳೆ ಹಾಕಿದ. ಬಸ್ಸು ಹೋಯಿತು. ಅಕ್ಕ ಚಪ್ಪಲಿಯೊಳಗೆ ಕಾಲ್ಬೆರಳುಗಳನ್ನು ಮಡಿಸಿ ಬಿಚ್ಚುತ್ತಿದ್ದಳು. ಧೂಳು ಇಳಿಯುವವರೆಗೂ ಇಬ್ಬರೂ ರಸ್ತೆಯನ್ನೇ ನೋಡುತ್ತ ಕೂತಿದ್ದರು.