ಮುದ್ದಣ್ಣನ ಮಾತಿಗೆ ಮಾತು

ಕುಕ್ಕುಂದೂರಿನ ಮುದ್ದಣ್ಣನಿಗೆ ದೇವರು ನಾಲಗೆ ಕೊಟ್ಟಿದ್ದ. ಅದಕ್ಕೊಂದು ಮೂಗುದಾರ ಕೊಡಲು ಮರೆತಿದ್ದ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಆಡುವ ಯಕ್ಷಗಾನ ತಾಳಮದ್ದಳೆ. ಅದರಲ್ಲಿ ಅರ್ಥ ಹೇಳಲು ಕುಳಿತರೆ, ಎದುರಿನ ಪಾತ್ರಧಾರಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವನ ವಾದವನ್ನು ಅಲ್ಲೇ ಕತ್ತರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಅಲ್ಲಿ ಅದು ಸರಿ. ಆದರೆ ಈ ಮನುಷ್ಯ ಮೀನು ಮಾರುವವಳ ಹತ್ತಿರವೂ ಬಸ್ ಕಂಡಕ್ಟರನ ಹತ್ತಿರವೂ ಅರ್ಥವೇ ಹೇಳುತ್ತಿದ್ದ. ಸುಮ್ಮನಾದವನು ಸೋತವನು ಎಂಬುದು ಅವನ ಸಿದ್ಧಾಂತ. ಅದನ್ನು ಕೇಳಿ ಕೇಳಿ ತಂಗಿಯ ಮಗಳು ಸುಗಂಧಿಗೆ ಸಾಕಾಗಿ ಹೋಗಿತ್ತು.

ಸುಗಂಧಿಗೆ ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ಅಲ್ಲೇ ಗುಮಾಸ್ತನಾಗಿದ್ದ ಕಾಪುವಿನ ಕರುಣಾಕರನನ್ನು ಅವಳು ಮೆಚ್ಚಿದ್ದಳು. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ, ಆದೀತಾ ಎಂದು ಕೇಳಿದಾಗ ಅವನು ತಕ್ಷಣ ತಲೆಯಾಡಿಸಲಿಲ್ಲ. "ನಾಳೆ ಹೇಳುತ್ತೇನೆ" ಎಂದ. ಮರುದಿನ, "ನನಗೆ ಅಡ್ಡಿ ಇಲ್ಲ. ಮನೆಯಲ್ಲಿ ನನ್ನ ಸೋದರಮಾವನಿಗೂ ಹೇಳಿದ್ದೇನೆ" ಎಂದ. ಇವನ ಮಾತನ್ನು ನಂಬಬಹುದು ಎಂದು ಅವಳಿಗೆ ಅನ್ನಿಸಿತು. ಆದರೆ ತಂದೆಯಿಲ್ಲದ ಮನೆ. ಹೆಣ್ಣು ಕೊಡುವ ಮಾತು ಸೋದರಮಾವನ ಬಾಯಿಂದಲೇ ಬರಬೇಕು. ಬಾಯಿಯೋ, ಅದೇ ಬಾಯಿ.

ಎಪ್ಪತ್ತೊಂಬತ್ತರ ಒಂದು ಭಾನುವಾರ ಕರುಣಾಕರನ ಸೋದರಮಾವ ದೂಮಪ್ಪ ನೆಂಟರೊಡನೆ ಬಂದರು. ಬೆಲ್ಲ ನೀರು ಆಯಿತು. ದೂಮಪ್ಪ ನಿಧಾನಸ್ಥರು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎಲೆಯಡಿಕೆ ಜಗಿಯುವವರು. "ಹುಡುಗಿ ಮದುವೆಯ ಮೇಲೂ ಕೆಲಸಕ್ಕೆ ಹೋಗುತ್ತಾಳಂತೆ. ನಮ್ಮ ಮನೆಯಲ್ಲಿ ಅದು..." ಎಂದು ನಿಲ್ಲಿಸಿದರು.

ನಿಲ್ಲಿಸಿದ್ದೇ ತಪ್ಪಾಯಿತು.

"ನಿಮ್ಮ ಮನೆಯಲ್ಲಿ ಗಂಜಿಗೆ ಅಕ್ಕಿ ಉಂಟಾದರೆ ಅವಳು ಯಾಕೆ ಹೋಗುತ್ತಾಳೆ ಮಾರಾಯ್ರೆ?" ಎಂದ ಮುದ್ದಣ್ಣ.

ಜಗಲಿಯಲ್ಲಿದ್ದ ಅವನ ಇಬ್ಬರು ಭಕ್ತರು ಕಿಸಕ್ಕನೆ ನಕ್ಕರು. ದೂಮಪ್ಪ ಎದ್ದು ಶಾಲನ್ನು ಹೆಗಲಿಗೆ ಹಾಕಿಕೊಂಡರು. ಸುಗಂಧಿಯ ತಾಯಿ ಮೋಹಿನಿ ಬೆಳಗ್ಗಿನಿಂದ ಬೇಯಿಸಿದ ಕೋಳಿ ಪದಾರ್ಥ ಒಲೆಯ ಮೇಲೆಯೇ ಉಳಿಯಿತು.

"ಹೇಗೆ ಬಾಯಿ ಮುಚ್ಚಿಸಿದೆ, ನೋಡಿದಿರಾ?" ಎಂದು ಮಹಾಶಯ ಅದೇ ಕೋಳಿಯನ್ನು ಎರಡು ಸಲ ಬಡಿಸಿಕೊಂಡ. ಮೋಹಿನಿ ಬಡಿಸಿದಳು, ಅಣ್ಣನಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ದೂಮಪ್ಪನವರ ಮಾತಿನ ಉಳಿದರ್ಧ ಸೋಮವಾರ ಕರುಣಾಕರನಿಂದ ತಿಳಿಯಿತು. "ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಸಂತೋಷವೇ. ಕಾಪುವಿನಿಂದ ಓಡಾಟ ಕಷ್ಟ ಅಂತ ಮಾವ ಮಣಿಪಾಲದಲ್ಲಿ ಬಾಡಿಗೆ ಮನೆ ನೋಡಿಟ್ಟಿದ್ದರು. ಇನ್ನು ನಿಮ್ಮಲ್ಲಿಗೆ ಬರುವುದಿಲ್ಲವಂತೆ. ಆದರೆ ನಿಮ್ಮ ಮಾವನ ಒಪ್ಪಿಗೆ ಪಡೆದು ನಿಮ್ಮ ತಾಯಿಯೇ ಬಂದರೆ ಮಾತಾಡುತ್ತಾರಂತೆ."

ಸುಗಂಧಿ ಬಾಡಿಗೆ ಮನೆಯ ವಿಷಯ ಹೇಳಿದಾಗ ಮುದ್ದಣ್ಣ ರೆಪ್ಪೆ ಮಿಟುಕಿಸಲಿಲ್ಲ. "ಹಾಗಾದರೆ ನೆಟ್ಟಗೆ ಹೇಳಬೇಕಿತ್ತು. ಬಾಯಲ್ಲಿ ಎಂತ, ಅವಲಕ್ಕಿ ಇತ್ತಾ?" ಎಂದ. ತಪ್ಪಾಯಿತು ಎಂಬ ಒಂದು ಶಬ್ದ ಅವನ ಅಷ್ಟು ದೊಡ್ಡ ಭಂಡಾರದಲ್ಲಿ ಇರಲಿಲ್ಲ.

ಸುಗಂಧಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೇಸಿಗೆಯಾಯಿತು. ವಾರವಿಡೀ ಯೋಚಿಸಿದಳು. ಹುಡುಗಿ ತೆಪ್ಪಗಾದಳು ಎಂದು ಮುದ್ದಣ್ಣ ಮೀಸೆ ತಿರುವಿದ.

ಮುಂದಿನ ಭಾನುವಾರ ಜಗಲಿಯಲ್ಲಿ ಭಕ್ತರಿದ್ದರು. ನೆರೆಮನೆಯ ತೆರೆಸಾಬಾಯಿ ಮಜ್ಜಿಗೆಗೆಂದು ಬಂದಿದ್ದರು. ಸುಗಂಧಿ ಎಲ್ಲರ ಎದುರು ಕೇಳಿದಳು: "ಮಾವ, ನಿಮ್ಮನ್ನು ಬಿಟ್ಟು ಅಮ್ಮನೇ ಕಾಪುವಿಗೆ ಹೋಗಿ ಮದುವೆಯ ಮಾತು ಮುಗಿಸಿದರೆ ನೀವು ಎಂತ ಮಾಡುತ್ತೀರಿ?"

"ಧಾರಾಳ ಹೋಗಲಿ. ನನ್ನ ಪೂರ್ಣ ಒಪ್ಪಿಗೆ ಉಂಟು. ನಾನಿಲ್ಲದೆ ಅವಳು ಅಲ್ಲಿ ನಾಲ್ಕು ಮಾತಾಡುವುದನ್ನು ಊರು ನೋಡಲಿ" ಎಂದು ಮುದ್ದಣ್ಣ ಎಂದಿನಂತೆ ಚಪ್ಪಾಳೆಗೆ ಕಾದ.

"ಒಪ್ಪಿಗೆ ಉಂಟಂತೆ. ಎಲ್ಲರೂ ಕೇಳಿದಿರಿ ಅಲ್ವಾ?" ಎಂದಳು ಸುಗಂಧಿ.

"ಕೇಳಿತು" ಎಂದರು ತೆರೆಸಾಬಾಯಿ. ಭಕ್ತರೂ ತಲೆಯಾಡಿಸಿದರು, ಪಾಪ, ರೂಢಿಯಿಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದ್ದಣ್ಣ ಹುಟ್ಟಿದ ಮೇಲೆ ಮೊದಲ ಸಲ ಯೋಚಿಸಲು ಕುಳಿತ. ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಮೋಹಿನಿ ಸೀರೆ ಬದಲಿಸಿ ಮಗಳೊಡನೆ ಕಾಪುವಿಗೆಂದು ಉಡುಪಿಯ ಬಸ್ ಹತ್ತಿಯಾಗಿತ್ತು.