ಉತ್ತರ ಮೂಲೆಯ ಹುಲ್ಲು

ಸಮಾಧಿಯ ಗುಂಡಿಯ ಸುತ್ತ ಹಾಸಿದ್ದ ಪ್ಲಾಸ್ಟಿಕ್ ಹುಲ್ಲನ್ನು ಮಾರ್ಲಾ ಸುರುಳಿ ಸುತ್ತತೊಡಗಿದಳು. ಪಾದ್ರಿಯ ಪ್ರಾರ್ಥನೆ ಅರ್ಧಕ್ಕೇ ನಿಂತಿತು.

“ಏಯ್, ಅದು ಸ್ಮಶಾನದ್ದು ಕಣಮ್ಮ!” ಎಂದ ಗುಂಡಿ ತೋಡಿದವನು.

“ಎಮಿಲ್‌ಗೆ ಇದನ್ನ ಕಂಡ್ರೆ ಆಗ್ತಿರ್ಲಿಲ್ಲ. ಎದ್ದು ಬಂದು ನನ್ನನ್ನ ಕೆಲಸದಿಂದ ತೆಗೀತಾನೆ.”

ಎಮಿಲ್ ಹ್ರೂಸ್ಕಾನ ಹೆಂಡತಿ ಡಾಟ್ ಅಳುತ್ತಲೇ ನಕ್ಕಳು. “ಬಿಡಪ್ಪಾ, ಸುತ್ತಲಿ.”

ಪಿಟ್ಸ್‌ಬರ್ಗಿನ ನದಿ ದಂಡೆಯ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಎಮಿಲ್ ಇಪ್ಪತ್ತೆರಡು ವರ್ಷ ಹುಲ್ಲು ಕಾದವನು. ನವೆಂಬರಿನಲ್ಲಿ ಶುಕ್ರವಾರ ಶಾಲಾ ತಂಡಗಳು, ಶನಿವಾರ ಕಾಲೇಜಿನವರು, ಭಾನುವಾರ ವೃತ್ತಿ ಆಟಗಾರರು, ಎಲ್ಲರೂ ಒಂದೇ ಹುಲ್ಲನ್ನು ತುಳಿಯುತ್ತಿದ್ದರು. ಕೆಳಗೆ ಬಿಸಿನೀರಿನ ಕೊಳವೆ ಹರಿದರೂ ಚಳಿಗೆ ಬೇರು ಮುನಿಯುತ್ತಿತ್ತು. ಕಿತ್ತುಹೋದ ಕಡೆಯೆಲ್ಲ ಬೀಜ ಬೆರೆಸಿದ ಹಸಿರು ಬಣ್ಣದ ಮರಳು. ಹೋದ ಭಾನುವಾರ ಆಟ ಮುಗಿದ ಮೇಲೆ, ಅದೇ ಮೈದಾನದಲ್ಲಿ ಅವನ ಎದೆಬಡಿತ ನಿಂತಿತ್ತು.

ಚರ್ಚಿನ ಊಟದ ಕೋಣೆಯಲ್ಲಿ ಎಲೆಕೋಸಿನ ನೂಡಲ್ಸ್ ಬಡಿಸುತ್ತ ಡಾಟ್ ಕೇಳಿದಳು: “ಮಾರ್ಲಾ, ಎಷ್ಟು ತಿಕ್ಕಿದ್ರೂ ಅವನ ಬಲ ಅಂಗೈಯ ಹಸಿರು ಹೋಗ್ಲಿಲ್ಲ. ಮರಳನ್ನ ಯಂತ್ರ ಹರಡುತ್ತೆ. ನೀವೆಲ್ಲಾ ಕೈಗವಸು ಹಾಕ್ತೀರಿ. ಇವನಿಗೊಬ್ಬನಿಗೆ ಮಾತ್ರ ಯಾಕೆ?”

ಮಾರ್ಲಾ ತನ್ನ ಅಂಗೈ ನೋಡಿಕೊಂಡಳು; ಹಸಿರಿನ ಗುರುತೇ ಇರಲಿಲ್ಲ.

*

ಎಮಿಲ್‌ನ ಕೈಕೆಳಗೆ ಮಾರ್ಲಾ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ. ಸತ್ತ ಅಣ್ಣನ ಬೂದಿಯನ್ನು ಮೈದಾನದಲ್ಲಿ ಚೆಲ್ಲಲೆಂದು ಬಿಸ್ಕತ್ತಿನ ಡಬ್ಬಿಯಲ್ಲಿ ತಂದವನೊಬ್ಬನನ್ನು ಎಮಿಲ್ ಗೇಟಿನವರೆಗೂ ಅಟ್ಟಿದ್ದ.

“ಒಂದು ಹಿಡಿ ತಾನೇ, ಪಾಪ,” ಎಂದಳು ಮಾರ್ಲಾ.

“ಬೂದಿ ಬೇರನ್ನ ಸುಡುತ್ತೆ. ಒಬ್ಬನಿಗೆ ಬಿಟ್ರೆ ಊರೇ ಡಬ್ಬಿ ಹಿಡ್ಕೊಂಡು ಬರುತ್ತೆ.”

“ಹಾಗಾದ್ರೆ ಉತ್ತರ ಮೂಲೆಯಲ್ಲಿ ತಟ್ಟೆಯಗಲ ಬೋಳಾಗಿದೆಯಲ್ಲ, ಅದೇನು?”

“ನೆರಳು.”

ಅಲ್ಲಿ ಇಡೀ ಮಧ್ಯಾಹ್ನ ಬಿಸಿಲು ಬೀಳುತ್ತಿತ್ತು. ಮಾರ್ಲಾ ಹನ್ನೆರಡು ವರ್ಷ ಆ ಮಣ್ಣನ್ನು ಪರೀಕ್ಷೆಗೆ ಕಳಿಸಬೇಕೆಂದು ಕಾದಳು. ಅವನು ಬಿಡಲಿಲ್ಲ. ಈಗ ಯಜಮಾನಿಕೆ ಅವಳದು. ನಾಳೆ ಬೆಳಿಗ್ಗೆ ಆ ಮೂಲೆಯನ್ನು ಒಂದು ಗೇಣು ಅಗೆದೆಸೆದು ಹೊಸ ಹುಲ್ಲು ಹಾಸಲು ಲಾರಿ ಬರುವುದಿತ್ತು.

*

ಚರ್ಚಿನ ಊಟದ ಕೋಣೆಯಲ್ಲಿ ಊರುಗೋಲಿನ ಮುದುಕಿಯೊಬ್ಬಳು ಮಾರ್ಲಾಳ ಪಕ್ಕ ಬಂದು ಕೂತಳು. ಹೆಸರು ಐರೀನ್ ಎಂದಳು.

“ಹುಲ್ಲಿನವಳು ನೀನೇ ಅಲ್ವಾ ಮಗಳೇ? ಉತ್ತರ ಮೂಲೆ ಹೇಗಿದೆ?”

ಮಾರ್ಲಾಳ ಚಮಚ ನಿಂತಿತು. “ಯಾಕೆ ಕೇಳ್ತೀರಿ?”

“ನನ್ನ ಮಗ ಹತ್ತೊಂಬತ್ತಕ್ಕೇ ಹೋಗ್ಬಿಟ್ಟ. ಶಾಲೆಯ ಫೈನಲ್‌ನಲ್ಲಿ ಅಲ್ಲೇ ಚೆಂಡು ಹಿಡಿದು ಗೆಲ್ಲಿಸಿದ್ದ. ಅವನ ಬೂದಿ ಹಿಡ್ಕೊಂಡು ಹೋದ್ರೆ ಎಮಿಲ್ ಮೂರು ಸಲ ನನ್ನನ್ನ ಓಡಿಸಿದ. ನಾಲ್ಕನೇ ಸಲ ಹಿಮ ಬೀಳ್ತಿತ್ತು. ತಾನೇ ಚಾಕು ತೆಗೆದು ಹುಲ್ಲು ಎತ್ತಿ, ಬೇಗ ಹಾಕು ಅಂದ.” ಮುದುಕಿ ದನಿ ತಗ್ಗಿಸಿದಳು. “ಪ್ರತಿ ಕ್ರಿಸ್‌ಮಸ್‌ಗೂ ಫೋನ್ ಮಾಡ್ತಿದ್ದ. ಮೈದಾನದಲ್ಲೆಲ್ಲ ಅಲ್ಲಿಯದೇ ದಟ್ಟ ಹುಲ್ಲು ಅಂತಿದ್ದ. ನಿಜ ತಾನೇ?”

“ನಿಜ,” ಎಂದಳು ಮಾರ್ಲಾ. “ಕತ್ತರಿಸಿ ಕತ್ತರಿಸಿ ಸಾಕಾಗುತ್ತೆ.”

ಮುದುಕಿ ಒಂದು ಸಿಹಿ ಬಿಸ್ಕತ್ತನ್ನು ಕಾಗದದಲ್ಲಿ ಸುತ್ತಿ ಅವಳ ಕೋಟಿನ ಜೇಬಿಗೆ ತುರುಕಿದಳು.

ಮಧ್ಯಾಹ್ನ ಖಾಲಿ ಮೈದಾನದಲ್ಲಿ ನಿಂತು ಮಾರ್ಲಾ ಲಾರಿಯವನಿಗೆ ಫೋನ್ ಮಾಡಿದಳು.

“ನಾಳೆ ಉತ್ತರ ಮೂಲೆ ಬೇಡ.”

“ಏನಮ್ಮಾ, ಹನ್ನೆರಡು ವರ್ಷದಿಂದ ಅದನ್ನೇ ಅಗೀಬೇಕು ಅಂತಿದ್ಯಲ್ಲ. ಅಲ್ಲಿ ಹುಲ್ಲು ಯಾಕೆ ಬರಲ್ಲ ಅಂತ ಗೊತ್ತಾಯ್ತಾ?”

“ನೆರಳು,” ಎಂದಳು ಮಾರ್ಲಾ.

ತಟ್ಟೆಯಗಲದ ಬೋಳಿನ ಮುಂದೆ ಮಂಡಿಯೂರಿ ಒಂದು ಬೊಗಸೆ ಹಸಿರು ಮರಳು ಸುರಿದಳು. ಕೈಗವಸು ತೊಟ್ಟು ಒತ್ತಿದಳು. ಬೀಜ ಎಷ್ಟು ಆಳಕ್ಕೆ ಇಳಿಯಿತೆಂದು ತಿಳಿಯಲಿಲ್ಲ. ಬಲಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಬರಿ ಅಂಗೈಯನ್ನು ಮರಳಿನ ಮೇಲೆ ಊರಿದಳು.